ಅತ್ತಿಯೋರ ಹಲಗಿ, ಚಿನ್ನಿ ಅಂಗಡಿ

ಚಿನ್ನಿ ಅಂಗಡಿ ಫೋಟೋ ನೋಡಿ ನಿಮ್ಮೊಳಗ ಭಾಳ ಮಂದಿ ಕೇಳಿದ್ರಿ, ಎಲ್ಲಿ ತಗೊಂಡಿ, ಎಷ್ಟ ಬಿತ್ತು, ನಮಗೂ ಒಂದು ತರಸಿಕೊಡು ಅಂತ. ಅದು ತಗೊಂಡದ್ದಲ್ಲರೀ ಅಕ್ಕಾರ, ಮನ್ಯಾಗ ಮಾಡಿದ್ದು. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೂದ್ರಾಗ ಅರ್ಧ ಬಿಟ್ಟು ಹೋಗತೈತಿ, ಅದಕ್ಕ ಇಲ್ಲೇ ಬರದು ಹಾಕ್ತೀನಿ. ಅಳತಿನೂ ಹೇಳ್ತೀನಿ, ಖರ್ಚೂ ಹೇಳ್ತೀನಿ. ನಡುವ ನಮ್ಮತ್ತಿಯೋರ ಕಥಿ ಬರತೈತಿ, ಅದನ್ನ ಬಿಟ್ಟು ಈ ಅಂಗಡಿ ಕಥಿ ಹೇಳಾಕ ಬರೂದಿಲ್ಲ. (ಅವ್ರಿಗೆ ಓದಿ ತೋರಿಸೇನ ಹಾಕಾಕತ್ತೀನಿ, ಚಿಂತಿ ಬ್ಯಾಡ.)

ಪ್ಯಾಟ್ಯಾಗ ಆಟದ ಅಂಗಡಿ ಸಿಗೂದಿಲ್ಲ ಅಂತಲ್ಲ. ಪ್ಲಾಸ್ಟಿಕ್ಕಿನ ಟೊಮೆಟೊ, ಪ್ಲಾಸ್ಟಿಕ್ಕಿನ ಪಿಜ್ಜಾ, ಒತ್ತಿದ್ರ ಕುಂಯ್ ಅನ್ನೂ ಗಲ್ಲಾ, ಎಲ್ಲಾ ಅದಾವ. ಆದ್ರ ನಮ್ಮ ನಾಕು ವರ್ಷದ ಚಿನ್ನಿ ಎರಡು ತಲಿದಿಂಬು ಇಟ್ಟು, ನಡುವ ಕುಂತು, "ಏನ್ ಬೇಕ್ರೀ? ರವಾನೋ ಸಕ್ಕರಿನೋ?" ಅಂತಿದ್ಲು. ಓಣಿ ಕಿರಾಣಿ ಅಂಗಡಿ ಕಾಕಾನ್ನ ನೋಡಿ ಕಲತದ್ದು. ಅಂಥಾಕಿಗೆ ಪಿಜ್ಜಾ ಅಂಗಡಿ ತಂದುಕೊಟ್ಟು ಏನು ಮಾಡೂದು?

ಹಿತ್ತಲ ತಗಡಿನ ಶೆಡ್ಡಿನ್ಯಾಗ ಹಲಗಿ ಇದ್ವು. ಸಾಗವಾನಿ, ಹನ್ನೊಂದು ಇಂಚ ಅಗಲ, ಮುಕ್ಕಾಲು ಇಂಚ ದಪ್ಪ. ನವಲಗುಂದ ಕಡೆ ಹಳ್ಳ್ಯಾಗ ನಮ್ಮ ಮಾವನೋರ ಕಿರಾಣಿ ಅಂಗಡಿ ಇತ್ತಲ್ಲ, ಅದರ ಕಪಾಟಿನವು. ಮಾವನೋರಿಗೆ ಲಕ್ವಾ ಹೊಡದ ಮ್ಯಾಲ ಗಲ್ಲಾದ ಮ್ಯಾಲ ಕುಂತಾಕಿ ನಮ್ಮತ್ತಿ. ಇಪ್ಪತ್ತೊಂದು ವರ್ಷ ಕುಂತ್ರು. ಮೂರು ಮಕ್ಕಳನ್ನ ಓದಿಸಿದ್ದು, ಲಗ್ನ ಮಾಡಿದ್ದು, ಮಾವನೋರ ದವಾಖಾನಿ ಖರ್ಚು, ಎಲ್ಲಾ ಆ ಗಲ್ಲಾದಾಗಿಂದನ. ಮಾವನೋರು ತೀರಿಕೊಂಡ ಮ್ಯಾಲ ಅಂಗಡಿ ಮುಚ್ಚಿ ಧಾರವಾಡಕ್ಕ ನಮ್ಮ ಹಂತ್ಯಾಕ ಬಂದಾಗ ಹಲಗಿ, ತಕ್ಕಡಿ, ತೂಕದ ಕಲ್ಲು, ಉದ್ರಿ ವಹಿ, ಎಲ್ಲಾ ಟೆಂಪೋದಾಗ ಹೇರಿ ತಂದ್ರು. ತಂದು ಶೆಡ್ಡಿನ್ಯಾಗ ಇಟ್ಟು ಮ್ಯಾಲ ತಾಡಪತ್ರಿ ಹೊಚ್ಚಿದ್ರು. ಆಮ್ಯಾಲ ಒಂದಿನಾನೂ ಅತ್ತಾಗ ನೋಡಲಿಲ್ಲ, ನಮ್ಮನ್ನೂ ಮುಟ್ಟಗೊಡಲಿಲ್ಲ.

"ಅತ್ಯಾರ, ಆ ಹಲಗ್ಯಾಗ ಚಿನ್ನಿಗೊಂದು ಸಣ್ಣ ಅಂಗಡಿ ಮಾಡಿಸೂಣೇನು?" ಅಂತ ನಾ ಕೇಳಿದಾಗ ಅವ್ರು ಜ್ವಾಳ ಹಸನ ಮಾಡಾಕತ್ತಿದ್ರು. ತಲಿ ಎತ್ತಲಿಲ್ಲ.

"ಬ್ಯಾಡ."

ಯಾಕ ಅಂತ ನಾ ಕೇಳಲಿಲ್ಲ. ಅವರ ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು. "ಆ ಹಲಗಿ ಹಿಂದ ಕುಂತು ನಾ ಯಾರ್ಯಾರ ಬಾಯಾಗ ಏನೇನು ಅನ್ನಿಸ್ಕೊಂಡೀನಿ ನಿನಗ ಗೊತ್ತಿಲ್ಲವ್ವಾ. ತೂಕ ಕಡಿಮಿ ಅಂದ್ರು. ಗಂಡ ಹಾಸಿಗಿ ಹಿಡದಾನ, ಈಕಿ ಮಂದಿ ಮುಂದ ಕುಂತಾಳ ಅಂದ್ರು. ನನ್ನ ಮೊಮ್ಮಗಳು ಆಟಕ್ಕೂ ಗಲ್ಲಾದ ಮ್ಯಾಲ ಕೂಡೂದು ಬ್ಯಾಡ. ಪಾಟಿ ಪೆನ್ಸಿಲ್ಲು ಕೊಡು, ಸಾಲಿ ಆಟ ಆಡಲಿ." ಏಳನೇ ಇಯತ್ತಾಕ್ಕ ಸಾಲಿ ಬಿಡಿಸಿದ್ರಂತ ಅವ್ರನ್ನ. ಟೀಚರ್ ಆಗಬೇಕಂತ ಆಸೆ ಇತ್ತು, ಅದು ನಮಗೆಲ್ಲಾರಿಗೂ ಗೊತ್ತಿದ್ದದ್ದ. ನಾ ಮಾತು ಬೆಳಸಲಿಲ್ಲ. ಅವರ ಹಲಗಿ, ಅವರ ಬ್ಯಾಡ ಅಂದ್ರ ಬ್ಯಾಡ.

ಆಮ್ಯಾಲ ಮಳಿಗಾಲ ಮುಗದ ಮ್ಯಾಲ ಶೆಡ್ಡು ಸೋರಾಕ ಹತ್ತಿತ್ತು ಅಂತ ಸಾಮಾನು ಹೊರಗ ತಗದಿದ್ವಿ. ಗುಜರಿಯಂವ ಬಂದ. ಹಳೇ ಕಬ್ಬಣ, ಡಬ್ಬಿ ಎಲ್ಲಾ ತೂಗಿ, ಹಲಗಿ ಕಡೆ ಕೈ ಮಾಡಿ "ಇವು ಉರುವಲಕ್ಕ ಆಗತಾವ ನೋಡ್ರಿ, ಉರುವಲದ ರೇಟಿನ್ಯಾಗ ಒಯ್ತೀನಿ" ಅಂದ. ಅತ್ತಿಯೋರು ಕಟ್ಟಿ ಮ್ಯಾಲ ಕುಂತಿದ್ರು. ಎದ್ದು ಬಂದ್ರು ನೋಡ್ರಿ! ಒಂದು ಹಲಗಿ ಎತ್ತಿ, ಸೀರಿ ಸೆರಗಿಲೆ ಧೂಳ ಒರಸಿ, ಅವನ ಮೂಗಿಗೆ ಹಿಡದ್ರು. "ವಾಸನಿ ನೋಡು. ಇದು ಏನು ಅನ್ನೂದು ಗೊತ್ತಾಗತೈತೋ ಇಲ್ಲೋ? ಸಾಗವಾನಿಗೆ ಉರುವಲದ ರೇಟು ಕಟ್ಟಾಕ ಬಂದೀಯೇನು?" ಹತ್ತು ನಿಮಿಷ ವ್ಯಾಪಾರ ನಡೀತು. ನಾ ಆ ಧ್ವನಿನ ಕೇಳಿರಲಿಲ್ಲ. ಮನ್ಯಾಗ ಅವ್ರು ಮಾತಾಡೂದು ಸಣ್ಣಗ. ಕಡೀಕ ಅಂವ ಕೈ ಮುಗದು ಹ್ವಾದ. ಮರುದಿನ ಮುಂಜಾನೆ ಚಾ ಕುಡೀತ ಅವರ ಅಂದ್ರು: "ಬಡಿಗ್ಯಾನ್ನ ಕರಸು. ಆದ್ರ ನಾ ಹೇಳಿದಂಗ ಮಾಡಬೇಕು, ಗೊಂಬಿ ಅಂಗಡಿ ಮಾಡಬಾರದು."

ಈಗ ಕೆಲಸದ ಮಾತು.

ಅಳತಿಗೆ ಪುಸ್ತಕ ಬ್ಯಾಡ, ಕೂಸನ್ನ ನಿಂದರಿಸಿದ್ರ ಸಾಕು. ಮೊಳಕೈ ಮಡಚಿಸಿ ಗ್ವಾಡಿ ಮ್ಯಾಲ ಗುರ್ತ ಹಾಕ್ರಿ, ಅದಕ್ಕಿಂತ ಎರಡು ಇಂಚ ಕೆಳಗ ಕೌಂಟರಿನ ಹಲಗಿ ಬರಬೇಕು. ನಮ್ಮ ಚಿನ್ನಿಗೆ ಅದು 22 ಇಂಚ ಆತು. ಕೌಂಟರು ಅಗಲ ಎರಡೂವರೆ ಫೂಟು. ಹಿಂದಿನ ಕಪಾಟು ಮೂರೂವರೆ ಫೂಟು ಎತ್ತರ, ಮೂರು ಅಂತಸ್ತು. ಮ್ಯಾಲಿನ ಅಂತಸ್ತಿಗೆ ಕೂಸಿನ ಕೈ ಮುಟ್ಟಬೇಕು, ಇಲ್ಲಂದ್ರ ಏರಾಕ ಹೋಗತಾವ. ಎರಡರ ನಡುವ ಆಕಿ ಕೂಡಾಕ ಒಂದೂವರೆ ಫೂಟು ಜಾಗ. ಕಪಾಟಿನ ಬೆನ್ನಿಗೆ 6 ಎಂ.ಎಂ. ಪ್ಲೈವುಡ್ ಬಡಸಿದ್ವಿ. ಬೆನ್ನು ಇದ್ರ ಕಪಾಟು ಅತ್ತ ಇತ್ತ ಅಲ್ಲಾಡೂದಿಲ್ಲ. ಇಷ್ಟಾದ ಮ್ಯಾಲೂ ಕಪಾಟನ್ನ ಗ್ವಾಡಿಗೆ ಎರಡು ಕಡೆ ಎಲ್ ಕ್ಲಾಂಪ್ ಹಾಕಿ ಬಿಗಿಯಲೇಬೇಕು. ಇದೊಂದು ಮಾತ್ರ ಯಾರೂ ಬಿಡಬ್ಯಾಡ್ರಿ, ಹುಡುಗರು ಹಲಗಿ ಹಿಡದು ಜೋತು ಬೀಳತಾವ. ಬಾಗಲಾ ಗೀಗಲಾ ಇಡಿಸಲಿಲ್ಲ, ಬೆರಳು ಸಿಗಬೀಳತಾವಂತ.

ಹಸರು ಎಣ್ಣಿ ಬಣ್ಣ ಬಳದ ಹಲಗಿನೂ ನಾಕು ಇದ್ವು. ಅವನ್ನ ತಿಕ್ಕಿ ಬಣ್ಣ ತಗದು ಹಚ್ಚೂಣು ಅಂದ ಬಡಿಗ್ಯಾ. ನಾ ಬ್ಯಾಡ ಅಂದೆ. ಹಳೇ ಎಣ್ಣಿ ಬಣ್ಣದಾಗ ಸೀಸ ಇರತೈತಿ. ನಮ್ಮ ದೇಶದಾಗ ಮನಿ ಬಣ್ಣಕ್ಕ ಸೀಸ 90 ಪಿಪಿಎಂ ಮೀರಬಾರದು ಅನ್ನೂ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನ್ಯಾಗ. ಇವು ಅದಕ್ಕಿಂತ ಭಾಳ ಮೊದಲಿನವು. ತಿಕ್ಕಿದ್ರ ಧೂಳಾಗಿ ಮನಿತುಂಬ ಹಾರತೈತಿ, ಕೂಸಿನ ಮೈಯಾಗ ಹೋಗತೈತಿ. ನಿಮ್ಮ ಅಟ್ಟದ ಮ್ಯಾಲೂ ಹಳೇ ಬಣ್ಣದ ಕಟಗಿ ಇದ್ರ ಕೂಸಿನ ಸಾಮಾನಿಗೆ ಬಳಸಬ್ಯಾಡ್ರಿ. ಬಣ್ಣ ಇಲ್ಲದ ಒಳಗಿನ ಹಲಗಿ ಅಷ್ಟ ತಗೊಂಡ್ವಿ.

ಬಡಿಗ್ಯಾ ಕೊಯ್ದು, ಸ್ಕ್ರೂ ಬಿಗದು ಕೊಟ್ಟ. ತಿಕ್ಕೂ ಕೆಲಸ ನಂದು, ನಮ್ಮನಿಯವ್ರದು. ಪಾಲಿಶ್ ಪೇಪರ್ ಮೊದಲು 80 ನಂಬರು, ಆಮ್ಯಾಲ 120, ಕಡೀಕ 220. ಮೂಲಿ ಎಲ್ಲಾ ದುಂಡಗ ಆಗೂಮಟ ತಿಕ್ಕಬೇಕು. ಸಾಕಾತೇನು ಅಂತ ನೋಡಾಕ ಹಳೇ ನೈಲಾನ್ ಸೀರಿ ತುಂಡು ಎಳೀರಿ, ಎಲ್ಲೆರೆ ಸಿಕ್ಕೊಂಡ್ರ ಅಲ್ಲಿ ಸಿಬುರು ಐತಿ ಅಂತ ತಿಳೀರಿ.

ಮ್ಯಾಲ ಹಚ್ಚಿದ್ದು ಅಗಸಿ ಎಣ್ಣಿ. ಹೌದು, ನಾವು ಚಟ್ನಿ ಮಾಡೂ ಅಗಸೀದ! ಗಾಣದಾಗ ತಗದ ಬರೇ ಎಣ್ಣಿ ತರ್ರಿ. ಬಣ್ಣದ ಅಂಗಡ್ಯಾಗ ಸಿಗೂದು ಬ್ಯಾರೆ, ಅದರಾಗ ಲಗೂ ಒಣಗಲಿ ಅಂತ ಮದ್ದು ಕೂಡಿಸಿರತಾರ. ಅರಿವಿಲೆ ತೆಳ್ಳಗ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಹೆಚ್ಚಾದದ್ದು ಒರಸಿ ತಗೀಬೇಕು. ದಪ್ಪಗ ಹಚ್ಚಿದ್ರ ತಿಂಗಳಾದ್ರೂ ಜಿಗಿಜಿಗಿ. ನಾವು ಎರಡು ಸಲ ಹಚ್ಚಿದ್ವಿ, ನಡುವ ಹತ್ತು ದಿನ ಬಿಟ್ಟು. ಇನ್ನೊಂದು ಮಾತು. ಆ ಎಣ್ಣಿ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬಾರದು, ಒಣಗೂ ಮುಂದ ಕಾವು ಏರಿ ತಾನ ಹೊತ್ತಿಕೊಳ್ಳತೈತಿ. ನೀರಾಗ ತೋಯಿಸಿ, ಬಯಲಾಗ ಅಗಲ ಹರವಿ ಒಣಗಿಸಿ ಆಮ್ಯಾಲ ಚೆಲ್ರಿ.

ಖರ್ಚು: ಬಡಿಗ್ಯಾಗ ಒಂದೂವರೆ ದಿನಕ್ಕ 1,400, ಪ್ಲೈವುಡ್ ತುಂಡಿಗೆ 260, ಸ್ಕ್ರೂ ಕ್ಲಾಂಪು ಪೇಪರು ಎಣ್ಣಿ ಕೂಡಿ 340. ಒಟ್ಟು 2,000 ರೂಪಾಯಿ. ಹಲಗಿ ಪುಕ್ಕಟ ಅಂತ ಬರದಿದ್ದೆ. ಅತ್ತಿಯೋರು "ಪುಕ್ಕಟ ಅಲ್ಲ, ನಿಮ್ಮ ಮಾವನೋರು ರೊಕ್ಕ ಕೊಟ್ಟು ತಂದಿದ್ರು" ಅಂದ್ರು. ತಿದ್ದೀನಿ.

ಈ ಎರಡು ದಿನ ಅತ್ತಿಯೋರು ಖುರ್ಚಿ ಹಾಕ್ಕೊಂಡು ಬಡಿಗ್ಯಾನ ಎದುರ ಕುಂತಿದ್ರು. ಗಲ್ಲಾ ಬಲಗೈ ಕಡೆ, ಹಲಗಿ ಕೆಳಗ, ಹೊರಗಿನವ್ರಿಗೆ ಕಾಣಬಾರದು. ತಕ್ಕಡಿ ಮಾತ್ರ ನಡುವ ತೂಗಬೇಕು, ಮುಳ್ಳು ಗಿರಾಕಿಗೂ ಕಾಣಬೇಕು. ಕೂತಾಕಿಗೆ ಗಿರಾಕಿ ಕೈ ಕಾಣಬೇಕು, ಬರೇ ಮಾರಿ ಕಂಡ್ರ ಸಾಲೂದಿಲ್ಲ. ಪುಡಿ ಕಟ್ಟೂ ದಾರದ ಉಂಡಿ ನೆತ್ತಿ ಮ್ಯಾಲಿಂದ ಇಳೀಬೇಕು. ಬಡಿಗ್ಯಾ ನಕ್ಕೊಂತ ಎಲ್ಲಾ ಮಾಡಿದ.

ಹಳೇ ತಕ್ಕಡಿ ಆಕಿಗೆ ಭಾಳ ವಜ್ಜಿ. ಅದಕ್ಕ ಎರಡು ತೆಂಗಿನ ಚಿಪ್ಪು ತಿಕ್ಕಿ, ಒಂದು ಕೋಲಿಗೆ ಕಟ್ಟಿ ಸಣ್ಣದು ಮಾಡಿದ್ವಿ. ಚಿಪ್ಪು ಕಟ್ಟೂ ತೂತಿಗಿಂತ ನಡುವಿನ ತೂತು ಒಂದು ಸ್ವಲ್ಪ ಮ್ಯಾಲ ಇರಬೇಕು, ಕೆಳಗಾದ್ರ ತಕ್ಕಡಿ ನಿಲ್ಲೂದಿಲ್ಲ, ಧಪ್ಪನ ಒಂದು ಕಡೆ ವಾಲತೈತಿ. ಅತ್ತಿಯೋರು ತಗೊಂಡು ಒಂದು ಚಿಪ್ಪಿನ್ಯಾಗ 50 ಗ್ರಾಂ ಕಲ್ಲು, ಇನ್ನೊಂದರಾಗ ಅಕ್ಕಿ ಹಾಕಿ ಸಮ ಮಾಡಿದ್ರು. ಆಮ್ಯಾಲ ಕಲ್ಲು ಅತ್ತ, ಅಕ್ಕಿ ಇತ್ತ ಬದಲ ಮಾಡಿದ್ರು. ವಾಲಿತು. "ಮೋಸದ ತಕ್ಕಡಿ" ಅಂದು ವಾಪಸ್ ಕೊಟ್ರು! ಖರೇನ, ಕೋಲಿನ ಒಂದು ತೋಳು ಕಾಲು ಇಂಚ ಉದ್ದ ಇತ್ತು. ಬದಲ ಮಾಡಿ ನೋಡಿದ್ರ ತಕ್ಕಡಿ ಸುಳ್ಳು ಹೇಳೂದಿಲ್ಲಂತ. ತೂಕ ಕಡಿಮಿ ಅಂದವ್ರ ಎದುರಿಗೆ ಹಿಂಗ ಬದಲ ಮಾಡಿ ತೋರಸ್ತಿದ್ದೆ ಅಂದ್ರು. ದಾರ ಸರಿಸಿ ಕಟ್ಟಿದ್ವಿ. 1962ರಿಂದ ದೇಶಕ್ಕೆಲ್ಲ ಕಿಲೋನ ಕಡ್ಡಾಯ ಆಗಿದ್ರೂ ಅವ್ರ ತವರಮನ್ಯಾಗ ಮಂದಿ ಸೇರು, ಪಾವು ಅಂತನ ಕೇಳತಿದ್ರಂತ. ಈಗ ಚಿನ್ನಿನೂ "ಎರಡು ಪಾವು ಪೇಡೆ" ಮಾರತಾಳ.

ಮಾಲು ಅಂದ್ರ, ಖಾಲಿ ಬೆಂಕಿಪೊಟ್ಣ, ರಟ್ಟು ತುಂಬಿದ ಪಾರ್ಲೆ-ಜಿ ಚೀಟಿ, ಗುಳೇದಗುಡ್ಡದ ಖಣದ ತುಂಡಿನ್ಯಾಗ ಹತ್ತಿ ತುಂಬಿ ಹೊಲದ ಅಂಗೈಯಷ್ಟು ಚೀಲ, ಮಣ್ಣಿನ ಪೇಡೆ. ಖರೇ ಬ್ಯಾಳಿ, ಕಡ್ಲಿ ಇಡಲಿಲ್ಲ. ನಮ್ಮ ನೆಗೆಣ್ಣಿ ಮಗ ಎರಡು ವರ್ಷದಂವ ಬರತಿರತಾನ, ಸಿಕ್ಕದ್ದೆಲ್ಲಾ ಮೂಗಿನ್ಯಾಗ ತುರಕ್ಕೊಂತಾನ. ಅಂವ ಬಂದಾಗ ಗಲ್ಲಾದ ನಾಣ್ಯಾನೂ ತಗದು ಮ್ಯಾಲ ಇಡತೀವಿ.

ರೊಕ್ಕದ್ದ ದೊಡ್ಡ ಜಗಳ ಆತು. ಚಿನ್ನಿ ನಾಣ್ಯ ಒಲ್ಲೆ ಅಂದ್ಲು. ಆಕಿ ರಟ್ಟಿನ ಮ್ಯಾಲ ಕರೇ ಚೌಕ ಬರದು ಸ್ಕ್ಯಾನರ್ ಅಂತ ನಿಲ್ಲಿಸಿದ್ಲು, ನಾವು ಕೈ ತೋರಿಸಿದ್ರ ಹೆಣ್ಣಮಗಳ ಧ್ವನಿಲೆ "ಹತ್ತು ರೂಪಾಯಿ ಬಂದಿದೆ" ಅಂತ ತಾನ ಒದರೂದು. ರವಾಕ್ಕೂ ಹತ್ತು, ಸಕ್ಕರಿಗೂ ಹತ್ತು. ಅತ್ತಿಯೋರು ತಮ್ಮ ಡಬ್ಬಿ ತಂದು 25 ಪೈಸೆ, 50 ಪೈಸೆ, ರೂಪಾಯಿ ಸುರವಿದ್ರು. 25 ಪೈಸೆ 2011ರಾಗ ಬಂದ್ ಆಗ್ಯಾವ, ಚಿನ್ನಿ ಅಂಗಡ್ಯಾಗ ಮಾತ್ರ ನಡೀತಾವ. ಚಿಲ್ರಿ ಕೊಡೂದು ಕಲಿಸಿದ್ದು ಹಿಂಗ: ಏಳು ರೂಪಾಯಿ ಮಾಲಿಗೆ ಹತ್ತು ಕೊಟ್ರ ಕಳಿಯೂ ಲೆಕ್ಕ ಇಲ್ಲ. ಮಾಲು ಕೈಯಾಗಿಟ್ಟು "ಏಳು", ಆಮ್ಯಾಲ ಒಂದೊಂದ ರೂಪಾಯಿ ಇಡೂದು, "ಎಂಟು, ಒಂಬತ್ತು, ಹತ್ತು". ಒಂದು ವಾರದಾಗ ಆಕಿಗೆ ಬಂತು. ಎರಡನೇತ್ತಾ ಹುಡುಗರು ಬೆರಳು ಮಡಚಿ ಕಳೀತಿರತಾವ, ಇದು ನನಗೂ ಹೊಳದಿರಲಿಲ್ಲ.

ಬಾಜೂ ಮನಿ ಹುಡುಗ ಒಂದಿನ ಬಂದು ಬೆಲ್ಲ ತಗೊಂಡು "ರೊಕ್ಕ ಇಲ್ಲ" ಅಂದ. "ಇರಲಿ ತಗೊ, ಆಮ್ಯಾಲ ಕೊಡು" ಅಂದ್ಲು ಚಿನ್ನಿ. ನಾ ಅತ್ತಿಯೋರ ಮಾರಿ ನೋಡಿದೆ. ಬೈತಾರ ಅಂತ ಇತ್ತು ನನಗ. ಅವ್ರ ಅಂಗಡ್ಯಾಗ "ಇಂದು ನಗದು ನಾಳೆ ಉದ್ರಿ" ಅಂತ ತಗಡಿನ ಬೋರ್ಡು ಇತ್ತು, ಅದೂ ಶೆಡ್ಡಿನ್ಯಾಗ ಐತಿ.

"ಕೊಡು. ಆದ್ರ ಬರಕೋ" ಅಂದ್ರು.

"ನನಗ ಬರಿಯಾಕ ಬರೂದಿಲ್ಲಲ್ಲ ಆಯಿ."

ಎದ್ದು ಹೋಗಿ ಹಳೇ ಉದ್ರಿ ವಹಿ ತಂದ್ರು. ಕೆಂಪ ಅರಿವಿ ರಟ್ಟಿಂದು. ನಾ ಅದನ್ನ ಒಳಗ ನೋಡಿದ್ದ ಅವತ್ತು ಮೊದಲ. ಹೆಸರಿನ ಬಾಜೂಕ ಒಂದೊಂದು ಚಿತ್ರ: ಬಾವಿ, ಎತ್ತಿನ ಕೋಡು, ಛತ್ರಿ. ಓದಾಕ ಬರದ ಗಿರಾಕಿಗೆ ತನ್ನ ಹಾಳಿ ಯಾವುದು ಅಂತ ತಿಳೀಲಿ, ಮೋಸ ಅನ್ನಿಸಬಾರದು ಅಂತ ಮಾಡಿದ್ದಂತ. ಒಂದು ಹಾಳಿ ಮ್ಯಾಲ ಬೆರಳಿಟ್ಟು, "2003ರ ಬರದಾಗ ಇವ್ರು ಮೂರು ತಿಂಗಳು ಜ್ವಾಳ, ಎಣ್ಣಿ ಒಯ್ದ್ರು. ಊರು ಬಿಟ್ಟು ದುಡಿಯಾಕ ಹ್ವಾದ್ರು. ಆರು ವರ್ಷ ಬಿಟ್ಟು ಆ ಹೆಣ್ಣಮಗಳು ಹೆಸರಕಾಳಿನ ಚೀಲ ತಂದು ಕಟ್ಟಿ ಮ್ಯಾಲ ಇಟ್ಟು, ನನ್ನ ಬಾವಿ ಹೊಡದು ಹಾಕ್ರಿ ಅಕ್ಕಾರ ಅಂದ್ಲು" ಅಂತ ಹೇಳಿದ್ರು. ಹಾಳಿ ಮ್ಯಾಲ ಬಾವಿ ಚಿತ್ರಕ್ಕ ಒಂದು ಗೀಟು ಹೊಡದಿತ್ತು. ಗೀಟು ಇಲ್ಲದ ಹಾಳಿನೂ ಭಾಳ ಇದ್ವು. ಅವನ್ನ ಅವ್ರು ಲಗೂ ಲಗೂ ತಿರುವಿದ್ರು, ನಾವೂ ಕೇಳಲಿಲ್ಲ.

ಕಡೀಗೆ ಖಾಲಿ ಹಾಳಿ ಹನ್ನೆರಡು ಉಳದಿದ್ವು. ಅವನ್ನ ಹರೀಲಿಲ್ಲ, ಅದ ವಹಿಯಾಗ ಬರಿ ಅಂದ್ರು. ಈಗ ಬಾಜೂ ಮನಿ ಹುಡುಗ ಸೈಕಲ್ಲು, ನಾನು ಲಟ್ಟಣಿಗಿ, ನಮ್ಮನಿಯವ್ರು ಕನ್ನಡಕ. ಕನ್ನಡಕದ ಹಾಳಿ ತುಂಬಾಕ ಬಂದೈತಿ. ಸಂಜಿಕ ಆಫೀಸಿನಿಂದ ಬಂದವ್ರನ್ನ ಅಜ್ಜಿ ಮೊಮ್ಮಗಳು ಕೂಡಿ ಬಾಗಲದಾಗ ತಡೀತಾರ.

ನಾಕು ದಿನದ ಹಿಂದ ಅತ್ತಿಯೋರಿಗೆ ಮಧ್ಯಾಹ್ನ ನಿದ್ದಿ ಹತ್ತಿದ್ದಿಲ್ಲ ಅನ್ನಸತೈತಿ. ಚಿನ್ನಿ ಅಂಗನವಾಡಿಗೆ ಹೋಗಿದ್ಲು. ನಾ ಅರಿವಿ ಒಣ ಹಾಕಿ ಒಳಗ ಬರತೀನಿ, ಇವ್ರು ಆ ಸಣ್ಣ ಕೌಂಟರಿನ ಹಿಂದ ಮಣಿ ಹಾಕ್ಕೊಂಡು ಕುಂತು, ಚೀಲ ಎಲ್ಲಾ ಇಳಿಸಿ, ಹಲಗಿ ಒರಸಿ, ಸಾಲಾಗಿ ಜೋಡಸಾಕತ್ತಿದ್ರು. ನನ್ನ ನೋಡಿ, "ಆಕಿ ಸಕ್ಕರಿ ಮುಂದ ಇಟ್ಟಾಳ. ಸಕ್ಕರಿ ಹಿಂದ ಇರಬೇಕು, ಇರಬಿ ಬರತಾವ" ಅಂದ್ರು.

ಹಲಗಿ ಇನ್ನೂ ಮೂರು ಉಳದಾವ, ಬಣ್ಣ ಇಲ್ಲದವು. ಒಂದು ಸಣ್ಣ ಅಂಗಡಿಗೆ ಸಾಲತಾವ. ನೆಗೆಣ್ಣಿ ಕೇಳ್ಯಾಳ, ಲೈನ್ ಬಜಾರದ ನಮ್ಮ ಚಿಗವ್ವನೂ ಕೇಳ್ಯಾಳ. ಯಾರಿಗೆ ಬೇಕೋ ಅತ್ತಿಯೋರ ಹಂತ್ಯಾಕ ಮಾತಾಡ್ರಿ. ಸಾಗವಾನಿ ರೇಟು ಹೇಳತಾರ, ಉದ್ರಿ ಬೇಕಂದ್ರ ಯಾವ ಚಿತ್ರ ಅಂತ ಮೊದಲ ವಿಚಾರ ಮಾಡಿಕೊಂಡು ಬರ್ರಿ.