ನಿಂದ್ರಸೂದು ಬರಬೇಕು

ನಮ್ಮ ಹಾಸ್ಟೆಲ್‌ನ್ಯಾಗ ಕಾರಿನ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: "ಝೀರೋ ಟು ಹಂಡ್ರೆಡ್ ಎಷ್ಟು ಸೆಕೆಂಡ್ ಲೇ?" ನೂರರಿಂದ ಸೊನ್ನೆಗೆ ಬರಾಕ ಎಷ್ಟು ದೂರ ಬೇಕು ಅಂತ ಯಾರೂ ಕೇಳೋದಿಲ್ಲ. ನಾನೂ ಕೇಳಿರಲಿಲ್ಲ, ಹೋದ ದಸರಾ ರಜೆಯ ತನಕ.

ನಮ್ಮೂರು ಬಸವನ ಬಾಗೇವಾಡಿ. ಮುದ್ದೇಬಿಹಾಳದ ಕಾಕಾನ ಹತ್ತಿರ ಹ್ಯುಂಡೈ ಐ20 ಎನ್ ಲೈನ್ ಇದೆ. ಸಿಂದಗಿಯ ಸೋದರಮಾವನ ಮಗನ ಹತ್ತಿರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ. ಎರಡಕ್ಕೂ ಒಂದು ಲೀಟರಿನ ಟರ್ಬೊ ಎಂಜಿನ್, ಎರಡರಲ್ಲೂ ಶಕ್ತಿ ಮುಂದಿನ ಗಾಲಿಗೆ. ಐ20ಗೆ 120 ಪಿಎಸ್, ಪೋಲೋಗೆ 110. ಐ20ಯ ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್, ಪೋಲೋದ ಹಿಂದಿನ ಗಾಲಿಗೆ ಡ್ರಮ್. "ನಿನ್ನ ಡ್ರಮ್ ಗಾಡಿ ಏನ್ ನಿಂದರತೈತಿ ಬಿಡೋ ಅಣ್ಣಾ" ಅಂತ ಅವನನ್ನು ಕಾಡಿಸುತ್ತಿದ್ದೆ.

ರಜೆಯಲ್ಲಿ ಎರಡನ್ನೂ ಓಡಿಸಿದೆ. ಖಾಲಿ ರಸ್ತೆಯಲ್ಲಿ 60ರ ವೇಗದಿಂದ ಬ್ರೇಕ್ ಒತ್ತಿ ನೋಡಿದರೆ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಇಂಥ ಕಾರಿನ ತೂಕ ಮುಂದೆ ಸುಮಾರು 60 ಪರ್ಸೆಂಟ್ ಇರುತ್ತೆ ಅಂದುಕೊಳ್ಳಿ. ಗುರುತ್ವಕೇಂದ್ರದ ಎತ್ತರ 0.55 ಮೀಟರ್, ವೀಲ್‌ಬೇಸ್ 2.58 ಮೀಟರ್. 0.8 ಜಿ ಬ್ರೇಕಿಂಗ್‌ನಲ್ಲಿ ಇನ್ನೂ 17 ಪರ್ಸೆಂಟ್ ಮುಂದಕ್ಕೆ ವಾಲುತ್ತೆ. ಹಿಂದಿನ ಗಾಲಿಗೆ ಉಳಿಯೋದು ಕಾಲು ಭಾಗಕ್ಕಿಂತ ಕಡಿಮೆ. ಒಂದೇ ಸಲ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ನಿರ್ಣಯ ಮಾಡೋದು ಟೈರು. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಹಾಕಿ ಕಾವೇರಿದರೆ ಹಿಂದಿನ ಡಿಸ್ಕಿನ ಲಾಭ ಕಾಣುತ್ತೆ. ನಮ್ಮ ಬಯಲುಸೀಮೆಯಲ್ಲಿ ಘಾಟಿ ಎಲ್ಲಿಂದ ತರೋದು?

ಮರುದಿನ ಕಾಕಾನ ಜೊತೆ ಇಂಡಿಗೆ ಹೊರಟೆ. ಸ್ಟಿಯರಿಂಗ್ ನನ್ನ ಕೈಯಲ್ಲಿ. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಒಂದು ತಿರುವಿನಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರ್ ರಸ್ತೆ ತುಂಬ ಎರಿಮಣ್ಣು ಬಿಟ್ಟು ಹೋಗಿತ್ತು. ನಾನು ಆಕ್ಸಿಲರೇಟರ್ ಬಿಡದೆ 80ರಲ್ಲೇ ತಿರುಗಿಸಿದೆ. ಸ್ಟಿಯರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ, ಆದರೂ ನೆಟ್ಟಗೇ ಹೊಂಟಿತು. ಮುಂದೆ ರಸ್ತೆ ಮೇಲೆ ಕುರಿ ಹಿಂಡು, ಹಿಂದೆ ಕಂಬಳಿ ಹೊದ್ದ ಮುದುಕ.

"ಕಾಲ್ ತಗಿ! ಸ್ಟಿಯರಿಂಗ್ ಒಂದಿಷ್ಟ ಸಡಿಲ ಬಿಡು!" ಕಾಕಾ ಒದರಿದ. ಬಿಟ್ಟೆ. ಮುಂದಿನ ಗಾಲಿಗೆ ಹಿಡಿತ ಸಿಕ್ಕಿತು, ಗಾಡಿ ತಿರುಗಿತು. ಆಮೇಲೆ ಬ್ರೇಕ್ ಒತ್ತಿದೆ. ಎಬಿಎಸ್ ಪಾದದ ಕೆಳಗೆ ಗಡಗಡ ನಡುಗಿತು. ಕೊನೆಯ ಕುರಿಗೆ ಹತ್ತು ಹೆಜ್ಜೆ ಇರುವಾಗ ನಿಂತಿತು.

"ಚಕ್ಕಡಿ ಎಳಿಯಾವೂ ಎತ್ತು, ಹೊಳ್ಳಸಾವೂ ಎತ್ತು, ನಿಂದ್ರಸಾವೂ ಎತ್ತು," ಅಂದ ಕಾಕಾ. "ಮೂರೂ ಕೆಲಸ ಒಮ್ಮೆಲೆ ಹಚ್ಚಿದ್ರ ಅವರೇ ಏನ್ ಮಾಡ್ಯಾವು ತಮ್ಮಾ? ಓಡ್ಸೂದು ಎಲ್ಲಾರಿಗೂ ಬರತೈತಿ. ನಿಂದ್ರಸೂದು ಬರಬೇಕು."

ಫ್ರಂಟ್ ವೀಲ್ ಡ್ರೈವ್, ಅಂಡರ್‌ಸ್ಟಿಯರ್, ಫ್ರಿಕ್ಷನ್ ಸರ್ಕಲ್, ಮೂರೂ ಆ ಮಾತಿನಲ್ಲಿ ಮುಗಿದಿದ್ದವು. ನಾನು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ, ಅಷ್ಟೇ.

ಇಂಡಿಯಲ್ಲಿ ನಿಂಬೆಹಣ್ಣಿನ ಶರಬತ್ತು ಕುಡಿಯುತ್ತ ಫೋನಿನಲ್ಲಿ ಲೆಕ್ಕ ಮಾಡಿದೆ. 80ರ ವೇಗ, ಒಣ ರಸ್ತೆ, ಘರ್ಷಣೆ 0.8: ನಿಲ್ಲಲು ಸುಮಾರು 31 ಮೀಟರ್. ಜಾರೋ ರಸ್ತೆ, ಘರ್ಷಣೆ 0.4: 63 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಇನ್ನೂ 22. 120 ಪಿಎಸ್ ಇದರಲ್ಲಿ ಎಲ್ಲೂ ಬರಲೇ ಇಲ್ಲ.

ವಾಪಸ್ ಬರುವಾಗ ಕಾಕಾ ಮತ್ತೆ ಕೀ ನನ್ನ ಕೈಗೇ ಕೊಟ್ಟ. ಆ ತಿರುವಿಗೆ 40ರಲ್ಲಿ ಬಂದೆ. ಅವನು ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿ ಮಲಗಿದ.