ಗವಿಮಠದ ಹಾದಿಯಲ್ಲಿ ರೊಟ್ಟಿಯ ಬುತ್ತಿ

ಪುಷ್ಯ ಮಾಸದ ಬನದ ಹುಣ್ಣಿಮೆ ಸಮೀಪಿಸಿತೆಂದರೆ ಕೊಪ್ಪಳ ಸೀಮೆಯ ದಾರಿಗಳೆಲ್ಲ ಗವಿಮಠದತ್ತ ಮುಖಮಾಡುತ್ತವೆ. ಅಶೋಕ ಚಕ್ರವರ್ತಿಯ ಶಾಸನವನ್ನು ಒಡಲಲ್ಲಿರಿಸಿಕೊಂಡ ಆ ಬೆಟ್ಟದಲ್ಲಿ ಶ್ರೀ ಗವಿಸಿದ್ಧೇಶ್ವರರ ಗದ್ದುಗೆಯಿದೆ. ತೇರಿನ ವೈಭವವನ್ನು ವರ್ಣಿಸಿದವರು ಬಹುಮಂದಿ. ನನ್ನ ಕಣ್ಣು ನಿಲ್ಲುವುದು ರೊಟ್ಟಿಯ ಬಂಡಿಗಳ ಮೇಲೆ. ಸುತ್ತಲಿನ ಹಳ್ಳಿಗಳವರು ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ, ಮಾದಲಿ, ದವಸಧಾನ್ಯ, ಕಾಯಿಪಲ್ಯಗಳನ್ನು ಹೇರಿಕೊಂಡು ಮಹಾದಾಸೋಹಕ್ಕೆ ತಂದೊಪ್ಪಿಸುತ್ತಾರೆ. ಯಾವ ರೊಟ್ಟಿಯ ಮೇಲೂ ಕೊಟ್ಟವರ ಹೆಸರಿಲ್ಲ. ಪ್ರತಿಯೊಂದರ ಮೇಲೂ ತಟ್ಟಿದ ಕೈಬೆರಳ ಗುರುತಿದೆ.

ಕೆಲವು ವರ್ಷಗಳ ಹಿಂದೆ ಜಾತ್ರೆಗೆ ಹೊರಟಾಗ ಆ ಸೀಮೆಯ ಹಳ್ಳಿಯೊಂದರಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ತಂಗಿದ್ದೆ. ಕೈಯಲ್ಲಿ ಉಡುಗೊರೆಯಿರಲೆಂದು ಪೇಟೆಯಿಂದ ಬೆಳ್ಳಿಯ ಮುಲಾಮಿನ ತಟ್ಟೆಯೊಂದನ್ನು ಕೊಂಡೊಯ್ದಿದ್ದೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ನಾಗೊಂದಿಗೆಯ ಮೇಲಿರಿಸಿದಳು. ಅಲ್ಲಿ ಹಿಂದಿನ ವರ್ಷಗಳಲ್ಲಿ ನಾನು ತಂದ ಮೂರು ತಟ್ಟೆಗಳು ಕಾಗದವನ್ನೂ ಬಿಚ್ಚದೆ ಕುಳಿತಿದ್ದವು! ಮನಸ್ಸಿಗೆ ನಾಚಿಕೆಯೆನಿಸಿತು. ಅಕ್ಕನಿಗೆ ಏನು ಬೇಕೆಂದು ನಾನು ಎಂದಾದರೂ ಯೋಚಿಸಿದ್ದೆನೆ?

ಎಪ್ಪತ್ತು ದಾಟಿದ ಅವಳ ಬೆರಳುಗಳ ಸಂದು ಬಾತಿದ್ದವು. ಆದರೂ ದಾಸೋಹಕ್ಕೆಂದು ರೊಟ್ಟಿ ತಟ್ಟಲು ಕುಳಿತಿದ್ದಳು. “ಈಗ ಅಂಗಡಿಯಲ್ಲಿ ಕಡಕ್ ರೊಟ್ಟಿ ಸಿಗುತ್ತವೆ, ನೂರು ಕೊಂಡು ಕೊಡೋಣ” ಎಂದೆ. ಅವಳು ತಲೆಯೆತ್ತದೆ, “ಕೊಂಡದ್ದು ನಿನ್ನ ರೊಕ್ಕದ್ದಾತು ತಮ್ಮಾ. ನಂದು ಯಾವುದು?” ಎಂದಳು. ಮಠದ ಪಾಠಶಾಲೆಯಲ್ಲಿ ಕಲಿತ ಶಾಸ್ತ್ರವೆಲ್ಲ ಆ ಮಾತಿನೆದುರು ಮೌನವಾಯಿತು.

ಅಂಗಡಿಯ ರೊಟ್ಟಿ ಕೀಳೆಂದಲ್ಲ. ಅದನ್ನು ತಟ್ಟಿ ಸಂಸಾರ ಸಾಗಿಸುವ ತಾಯಂದಿರದೂ ಕಾಯಕವೇ. ಆದರೆ ದಾಸೋಹವೆಂಬುದು ನಮ್ಮ ಕಾಯಕದ ಫಲವನ್ನು ಸಮರ್ಪಿಸುವುದು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ವಾಚಕರು ಬಲ್ಲರು. ಕೊಡುವುದರ ಬೆಲೆ ರಾಶಿಯಲ್ಲಿಲ್ಲ.

ಮರುದಿನ ನಾನೂ ಕೈಜೋಡಿಸಿದೆ. ಹಿಟ್ಟು ಜರಡಿ ಹಿಡಿದೆ, ಎಸರು ಕಾಯಿಸಿಕೊಟ್ಟೆ, ಎಳ್ಳು ಹಚ್ಚಿದ ರೊಟ್ಟಿಗಳನ್ನು ಬಿಸಿಲಲ್ಲಿ ಹರಡಿ ಕಾಗೆ ಕಾಯ್ದೆ. ತಟ್ಟಲು ಹೋಗಿ ಎರಡನ್ನು ಹರಿದು ಅಕ್ಕನನ್ನು ನಗಿಸಿದೆ. ಸಂಜೆಗೆ ಇಪ್ಪತ್ತೈದು ರೊಟ್ಟಿಗಳಾದವು. ಹಿಂದೆ ನೂರು ತಟ್ಟುತ್ತಿದ್ದ ಅವಳು ಎಣಿಸಿ ನೋಡಿ, “ಇಷ್ಟಾದರೂ ಆತಲ್ಲ” ಎಂದು ಬಿಳಿಯ ವಸ್ತ್ರದಲ್ಲಿ ಕಟ್ಟಿದಳು. ಊರಿನ ಬಂಡಿಯ ರಾಶಿಯಲ್ಲಿ ಆ ಗಂಟು ಬೆರೆತುಹೋಯಿತು. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ನನ್ನ ಎಲೆಗೆ ಬಿದ್ದ ರೊಟ್ಟಿ ಯಾವ ತಾಯಿಯದೋ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ.

ಹಿಂದಿರುಗುವಾಗ ಅಕ್ಕ ಬುತ್ತಿ ಕಟ್ಟಿಕೊಟ್ಟಳು: ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ನಾಲ್ಕು ಶೇಂಗಾ ಹೋಳಿಗೆ. ಹೋಳಿಗೆ ವಾರದೊಳಗೆ ತೀರಿತು, ರೊಟ್ಟಿ ತಿಂಗಳು ಬಾಳಿತು. ಮುರಿದ ಪ್ರತಿ ತುಣುಕಿನಲ್ಲೂ ಅವಳ ನೆನಪಿತ್ತು. ನನ್ನ ತಟ್ಟೆಗಳು ಇಂದಿಗೂ ನಾಗೊಂದಿಗೆಯ ಮೇಲಿವೆ.

ಅಂದಿನಿಂದ ನಮ್ಮ ಮನೆಯ ರೂಢಿ ಬದಲಾಗಿದೆ. ಸಂಕ್ರಮಣಕ್ಕೆ ಕುಸುರೆಳ್ಳು, ಗೃಹಪ್ರವೇಶಕ್ಕೆ ಮಾದಲಿಯ ಡಬ್ಬಿ, ಬಾಣಂತಿಯ ಮನೆಗೆ ಅಂಟಿನುಂಡೆ. ಮುಪ್ಪಿನವರ ಮನೆಗೆ ಹೋಗುವಾಗ ಅವರ ಹಲ್ಲಿಗೆ ಎಟುಕುವಂತಹ ಮೆತ್ತನೆಯ ತಿನಿಸು. ಸಕ್ಕರೆ ಕಾಯಿಲೆಯವರಿಗೆ ಸಿಹಿಯ ಬದಲು ಚಟ್ನಿಪುಡಿ. ಇದರಲ್ಲಿ ಖರ್ಚು ಕಡಿಮೆ, ಯೋಚನೆ ಹೆಚ್ಚು. ಉಂಡು ಮುಗಿಯುವ ಉಡುಗೊರೆ ಯಾರ ಮನೆಯ ಅಟ್ಟಕ್ಕೂ ಭಾರವಾಗದು.

ಈ ಸಲದ ಜಾತ್ರೆಗೆ ಹೊರಡುವವರು ಮನೆಯಲ್ಲಿ ತಟ್ಟಿದ ಎರಡು ರೊಟ್ಟಿಯನ್ನಾದರೂ ಜೊತೆಗೊಯ್ಯಲಿ. ಹರಿದ ರೊಟ್ಟಿಯಾದರೂ ಚಿಂತೆಯಿಲ್ಲ; ದಾಸೋಹದಲ್ಲಿ ಅದಕ್ಕೂ ಸ್ಥಳವಿದೆ.