ಘಟ್ಟ ಇಳಿದು ಬಂದದ್ದು

ಒಂದೇ ಹೊಳೆಗೆ ಊರಿಗೊಂದು ಹೆಸರಿರುವುದು ನಮಗೆ ಹೊಸದಲ್ಲ. ಸುಳ್ಯದ ಪಯಸ್ವಿನಿಯೇ ಕಾಸರಗೋಡಿಗೆ ಬರುವಾಗ ಚಂದ್ರಗಿರಿ. ಗೋವೆಯ ಮಾಂಡವಿಯದೂ ಇದೇ ಕತೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವಾಗ ಅದು ಮಹದಾಯಿ; ಘಟ್ಟ ಇಳಿದು ಸತ್ತರಿ ತಾಲೂಕಿಗೆ ಬಂದರೆ ಮ್ಹಾದಯಿ; ಪಣಜಿಯಲ್ಲಿ ಕಡಲು ಸೇರುವಾಗ ಮಾಂಡವಿ.

ಕೆಲವು ವರ್ಷಗಳ ಹಿಂದೆ ಆ ಕಣಿವೆಯನ್ನು ನೋಡಲೆಂದು ಫೋಂಡಾದಲ್ಲಿ ಮೊಲೆಂ ಕಡೆಯ ಬಸ್ಸು ಹತ್ತಿದ್ದೆ. ಕಂಕುಳಲ್ಲಿ ಮಗು, ಕೈಯಲ್ಲಿ ಬುಟ್ಟಿ ಹಿಡಿದ ಕೂಲಿ ಹೆಂಗಸೊಬ್ಬಳು ನನ್ನ ತೊಡೆಯ ಮೇಲಿದ್ದ ಕನ್ನಡ ಪುಸ್ತಕವನ್ನು ಕಂಡು, ಮುಖವರಳಿಸಿ, "ಅಣ್ಣಾರ, ಈ ಬಸ್ಸು ಉಸಗಾಂವಕ್ಕ ಹೋಗತೈತೇನ್ರಿ?" ಎಂದಳು. ಹಿಂದಿನ ಸೀಟಿನಿಂದ ಯಾರೋ "ಘಾಂಟಿ" ಎಂದು ನಕ್ಕರು. ಘಟ್ಟದ ಮೇಲಿನಿಂದ ಬಂದವರನ್ನು ಅಲ್ಲಿ ಹಾಗೆ ಹಳಿಯುವುದುಂಟು. ಆ ಮಾತು ನನಗೂ ತಗಲೀತೆಂದು ಹೆದರಿ ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ. ಪುಸ್ತಕವನ್ನು ಚೀಲದೊಳಗೆ ಸೇರಿಸಿದೆ. ಆಕೆ ಮತ್ತೆ ಮಾತನಾಡಲಿಲ್ಲ.

ಮೊಲೆಂನಲ್ಲಿ ಇಳಿದು ಬಾಡಿಗೆ ಜೀಪಿನಲ್ಲಿ ತಾಂಬ್ಡಿ ಸುರ್ಲಕ್ಕೆ ಹೋದೆ. ಘಟ್ಟದ ಬುಡದ ದಟ್ಟ ಕಾಡಿನ ನಡುವೆ ಕದಂಬರ ಕಾಲದ ಮಹಾದೇವ ದೇವಾಲಯ. ಚಿಕ್ಕದು, ಕಪ್ಪು ಕಲ್ಲಿನದು. ಪಕ್ಕದ ತೊರೆಯ ನೀರೂ ಕೊನೆಗೆ ಸೇರುವುದು ಮಾಂಡವಿಯನ್ನೇ. ನಮ್ಮಲ್ಲಿಯಂತೆ ಗೋವೆಯಲ್ಲಿಯೂ ಎಲ್ಲಿ ಅಗೆದರೂ ಮುರಕಲ್ಲು. ಈ ಕಪ್ಪು ಕಲ್ಲನ್ನು ಮಾತ್ರ ಘಟ್ಟದ ಮೇಲಿನಿಂದ ಹೊತ್ತು ತಂದರೆಂದು ಹೇಳುತ್ತಾರೆ. ತರಿಸಿದವರಿಗೆ ಘಟ್ಟ ಒಂದು ಗಡಿಯಾಗಿರಲಿಲ್ಲ. ಗೋವೆಯ ಕದಂಬರಿಗೆ ಕೆಳಗೆ ಗೋಪಕಪಟ್ಟಣ, ಮೇಲೆ ಖಾನಾಪುರದ ಹಲಸಿ, ಎರಡೂ ರಾಜಧಾನಿಗಳು. ಅವರ ಶಾಸನಗಳಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ.

ಮಂಟಪದ ಕಂಬಕ್ಕೆ ಒರಗಿ ಕುಳಿತಾಗ ನಾಚಿಕೆಯಾಯಿತು. ಈ ಕಲ್ಲೂ ಘಾಂಟಿಯೇ, ಆ ಹೊಳೆಯೂ ಘಾಂಟಿಯೇ. ಅವನ್ನು ಯಾರೂ ಹೊರಗಿನವೆನ್ನುವುದಿಲ್ಲ. ದುಡಿಯಲು ಬಂದ ಹೆಂಗಸು ಮಾತ್ರ ಹೊರಗಿನವಳು!

ಈಗಂತೂ ಆ ನೀರಿನ ಮೇಲೆಯೇ ಜಗಳ. 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ಮಾತು ಸುಪ್ರೀಂ ಕೋರ್ಟಿಗೂ ಹೋಯಿತು. ಹುಬ್ಬಳ್ಳಿ-ಧಾರವಾಡದವರದು ಕುಡಿಯುವ ನೀರಿನ ಕಷ್ಟ. ಮೇಲಿನ ನೀರನ್ನು ಮಲಪ್ರಭೆಗೆ ತಿರುಗಿಸಿದರೆ ಕಡಲ ಉಪ್ಪು ಒಳಗೆ ನುಗ್ಗೀತೆಂಬುದು ಗೋವೆಯವರ ಭಯ. ಎರಡನ್ನೂ ಸುಳ್ಳೆನ್ನಲಾರೆ. ಆದರೆ ಹೊಳೆಯ ಹೆಸರಿನ ಸಿಟ್ಟು ಬಸ್ಸಿನಲ್ಲಿ ಕುಳಿತ ಕೂಲಿಯವಳ ಮೇಲೆ ತಿರುಗಬಾರದಷ್ಟೆ.

1956ರ ನವೆಂಬರ್ 1ರಿಂದ ನಮ್ಮ ಮನೆಯಂಗಳದಲ್ಲೇ ನಾವು ಅಲ್ಪಸಂಖ್ಯಾತರಾದೆವೆಂದು ನಾನು ಎಷ್ಟು ಸಭೆಗಳಲ್ಲಿ ಮಾತನಾಡಿಲ್ಲ! ಮೈಕಿನ ಮುಂದೆ ಬಂದ ಆ ಕನ್ನಡ, ಬಸ್ಸಿನಲ್ಲಿ ಒಬ್ಬ ತಾಯಿಗೆ "ಹೌದಮ್ಮ, ಹೋಗುತ್ತದೆ, ಕುಳಿತುಕೊಳ್ಳಿ" ಎನ್ನಲು ಬರಲಿಲ್ಲ.

ಹಿಂದಿರುಗುವಾಗ ಉಸಗಾಂವದಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದೆ. ರಸ್ತೆಯ ಬದಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಬಹಳ ಮಂದಿ ಇದ್ದರು, ಆಕೆ ಕಾಣಲಿಲ್ಲ. ಚೀಲದಿಂದ ಪುಸ್ತಕವನ್ನು ಹೊರತೆಗೆದು ತೊಡೆಯ ಮೇಲಿಟ್ಟುಕೊಂಡೆ.